ನೆಂಟರ ಒಲೆ

ಮನೆ ಮನೆ ತಿರುಗಿ ಪ್ರಶ್ನೆ ಕೇಳುವ ನನ್ನಂಥವರ ಹೊಟ್ಟೆಯಲ್ಲಿ ಅನ್ನಕ್ಕಿಂತ ಚಹಾ ಹೆಚ್ಚಿರುತ್ತದೆ. ಹೊಸಪೇಟೆಯಲ್ಲಿ ಬೆಳಗಿನ ಬಸ್ಸು ಹತ್ತಿ ಸಂಡೂರಿನ ಕಡೆಗೋ ಕಂಪ್ಲಿಯ ಕಡೆಗೋ ಹೋಗಿ ಇಳಿದೆನೆಂದರೆ, ಸಂಜೆಯೊಳಗೆ ಏಳೆಂಟು ಮನೆಗಳ ಚಹಾ ನನ್ನ ಪಾಲಿಗೆ ಬಂದಿರುತ್ತದೆ. ಶುಂಠಿ ಜಜ್ಜಿ ಹಾಕಿದ್ದು, ಬೆಲ್ಲದ್ದು, ಹಾಲು ಸಾಲದೆ ಪಕ್ಕದ ಮನೆಯಿಂದ ತಂದು ಮಾಡಿದ್ದು. "ಯಾಕ್ರಿ, ನಮ್ಮ ಮನಿ ಚಾ ಸೇರಂಗಿಲ್ಲೇನು?" ಎಂದರೆ ಮುಗಿಯಿತು, ಬೇಡವೆನ್ನಲು ನಾಲಗೆ ಏಳುವುದಿಲ್ಲ. ಕುಡಿಯುವ ನೀರು ಎಲ್ಲಿಯದು, ಬಹಿರ್ದೆಸೆಗೆ ಎಲ್ಲಿಗೆ ಹೋಗುತ್ತೀರಿ, ಕೆಮ್ಮು ಎಷ್ಟು ದಿನದಿಂದ ಇದೆ ಎಂದು, ಬಚ್ಚಲಿನಿಂದ ಎದೆಗೂಡಿನವರೆಗೆ ಗುರುತಿಲ್ಲದವರ ಬದುಕನ್ನೆಲ್ಲ ಕೆದಕಲು ನನಗೆ ಯಾರು ಅಧಿಕಾರ ಕೊಟ್ಟರೋ ಗೊತ್ತಿಲ್ಲ. ಆ ಚಹಾವೇ ಕೊಟ್ಟಿತೆಂದು ಸಮಾಧಾನ ಮಾಡಿಕೊಂಡಿದ್ದೇನೆ.

ಜನರ ಆರೋಗ್ಯ, ಅವರ ರೂಢಿ, ಅವರು ಉರಿಸುವ ಸೌದೆ, ಚೆಲ್ಲುವ ನೀರು, ಇವುಗಳ ಸಂಬಂಧವನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಗೆ ನಾನು ಹನ್ನೆರಡು ವರ್ಷಗಳಿಂದ ಮಾಹಿತಿ ಕೂಡಿಸಿ ಕೊಡುತ್ತಿದ್ದೇನೆ. ಅಷ್ಟು ವರ್ಷಗಳಲ್ಲಿ ಕಲಿತದ್ದೇನು ಎಂದು ನೀವು ಕೇಳಿದರೆ, ನಮ್ಮ ಜನ ಸುಳ್ಳು ಹೇಳುವುದಿಲ್ಲ, ಮರ್ಯಾದೆ ಮಾಡುತ್ತಾರೆ ಎಂದು ಹೇಳುತ್ತೇನೆ. ಕಂಪ್ಲಿಯ ಹತ್ತಿರ ಒಂದು ಮನೆಯಲ್ಲಿ "ಸಾಬೂನು ಹಚ್ಚಿ ಕೈ ತೊಳೆಯುತ್ತೀರಾ?" ಎಂದದ್ದಕ್ಕೆ ಮುದುಕಿಯೊಬ್ಬಳು ಒಳಗೆ ಹೋಗಿ, ಕಾಗದ ಬಿಚ್ಚದ ಹೊಸ ಸಾಬೂನನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು, ತಾಂಬೂಲ ಕೊಡುವವರ ಹಾಗೆ. ನಾನು ನಕ್ಕೆ, ಆಕೆಯೂ ನಕ್ಕಳು. ಬಂದವರ ಮುಂದೆ ಹರಿದ ಚಾಪೆಯನ್ನು ನೀವು ಹಾಸುತ್ತೀರಾ? ಹಾಗೆಯೇ ಹರಿದ ಉತ್ತರವನ್ನೂ ಯಾರೂ ಹಾಸುವುದಿಲ್ಲ.

ಇದು ನಮ್ಮ ಸಂಸ್ಥೆಯವರಿಗೂ ಗೊತ್ತು. ಆದ್ದರಿಂದಲೇ ಪ್ರಶ್ನಾವಳಿಯ ಕೆಲವು ಕಡೆ 'ಕಣ್ಣಾರೆ ಕಂಡು ಬರೆಯಿರಿ' ಎಂಬ ಸೂಚನೆ ಇರುತ್ತದೆ. ಬಾಯಿಮಾತಿಗಿಂತ ಕಣ್ಣು ದೊಡ್ಡದು ಎಂದು ನಮಗೆ ತರಬೇತಿಯಲ್ಲಿ ಕಲಿಸುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ತರಬೇತಿಯವರ ಮಾತು ಕೇಳಿದೆ, ಅಜ್ಜಿಯ ಮಾತು ಬಿಟ್ಟೆ.

ಹುಲಿಗೆಮ್ಮನ ಮನೆ ಸಂಡೂರಿನ ಆಚೆ, ಅದಿರಿನ ಲಾರಿಗಳು ಓಡಾಡುವ ರಸ್ತೆಯಿಂದ ಒಂದಿಷ್ಟು ಒಳಗೆ ಇತ್ತು. ಅಲ್ಲಿ ಬೇವಿನ ಎಲೆಯೂ ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. ಆಕೆಗೆ ಐವತ್ತು ದಾಟಿರಬೇಕು. ಮಗ ಲಾರಿಗೆ ಹೋಗುತ್ತಿದ್ದ, ಸೊಸೆ ರೇಣುಕಾ ಕೂಲಿಗೆ. ನಾನು ಮೊದಲ ಸಲ ಹೋದಾಗ ಅಂಗಳ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು, "ಬರ್ರಿ ನಮ್ಮವ್ವ, ಕುಂದ್ರಿ, ಬಿಸಲಾಗ ಬಂದೀರಿ" ಎಂದು ಕಂಬಳಿ ಹಾಸಿದಳು. ಎರಡು ಮಾತಿಗೊಮ್ಮೆ ನಿಂತು ಉಸಿರು ತುಂಬಿಕೊಳ್ಳುತ್ತಿದ್ದಳು. ಒಳಗೆ ಹೋಗಿ ಗ್ಯಾಸಿನ ಒಲೆ ಹಚ್ಚಿದಳು. ನೀಲಿ ಉರಿಯನ್ನು ಹೊಸ್ತಿಲಿಂದ ನಾನು ಕಣ್ಣಾರೆ ಕಂಡೆ.

ಅದರೊಂದಿಗೇ ಬೇರೆಯದನ್ನೂ ಕಂಡೆ. ಮೂಲೆಯ ಗೋಡೆ ಇದ್ದಿಲಿನಷ್ಟು ಕಪ್ಪಾಗಿತ್ತು, ಹಿತ್ತಲಲ್ಲಿ ಜಾಲಿ ಕಟ್ಟಿಗೆಯ ಹೊರೆ ಒರಗಿತ್ತು. ನಾನು ಆಗ ಸುಮ್ಮನೆ ಕೇಳಬಹುದಿತ್ತು, ಈ ಕಟ್ಟಿಗೆ ಯಾಕಮ್ಮಾ ಎಂದು. ಆದರೆ ಇನ್ನೂ ಆರು ಮನೆ ಉಳಿದಿದ್ದವು, ಬಸ್ಸಿನ ಹೊತ್ತಾಗುತ್ತಿತ್ತು, ಇಷ್ಟು ಒಳ್ಳೆಯ ಹೆಂಗಸನ್ನು ಪೊಲೀಸರ ಹಾಗೆ ಪ್ರಶ್ನಿಸಲು ಸಂಕೋಚವೂ ಆಯಿತು. "ಕಟ್ಟಿಗೆ ಸ್ನಾನದ ನೀರಿಗೇನಮ್ಮಾ?" ಎಂದೆ. ಆಕೆ ನನ್ನ ಮುಖ ನೋಡಿದಳು. ನಾನು ಯಾವ ಉತ್ತರ ಬಯಸುತ್ತೇನೆಂದು ಆಕೆಗೆ ತಿಳಿಯಿತು. "ಹೂನ್ರಿ, ನೀರಿಗ" ಎಂದಳು. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ, ಆಕೆ ತಲೆಯಾಡಿಸಿದ್ದಷ್ಟೇ. ಅಡುಗೆ: ಗ್ಯಾಸು, ಎಂದು ಗುರುತು ಹಾಕಿ ಚಹಾ ಮುಗಿಸಿ ಎದ್ದೆ.

ಕೆಲವು ತಿಂಗಳ ಮೇಲೆ ಆ ಊರುಗಳ ಹೆಂಗಸರಿಗೆ ಉಸಿರಿನ ತಪಾಸಣೆ ಮಾಡಿಸುವುದೆಂದು ನಿಶ್ಚಯವಾಯಿತು. ಯಂತ್ರ ಒಂದೇ, ಡಾಕ್ಟರು ಎರಡು ದಿನ ಮಾತ್ರ ಬರುವವರು. ಆದ್ದರಿಂದ ಕಟ್ಟಿಗೆ ಒಲೆಯ ಮನೆಗಳವರನ್ನಷ್ಟೇ ಕರೆದರು. ಪಟ್ಟಿ ತೆಗೆದದ್ದು ನಾನು ಹಾಕಿದ ಗುರುತುಗಳಿಂದಲೇ. ಹುಲಿಗೆಮ್ಮನ ಪಕ್ಕದ ಮನೆಯಾಕೆ ಹೋದಳು, ಎದುರು ಮನೆಯಾಕೆ ಹೋದಳು, ಔಷಧ ಎಳೆದುಕೊಳ್ಳುವ ಪುಟ್ಟ ಕೊಳವೆ ತಂದರು.

ಒಂದು ಮಧ್ಯಾಹ್ನ ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಹುಲಿಗೆಮ್ಮ ಸಿಕ್ಕಳು. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ನನ್ನ ಕೈ ಹಿಡಿದುಕೊಂಡು, ಏದುಸಿರು ಇಳಿಸಿಕೊಂಡು, "ನಮ್ಮವ್ವ, ಎಲ್ಲಾರ ಹೆಸರು ಬಂತು, ನನ್ನ ಹೆಸರು ಬರಲಿಲ್ಲಲ್ರಿ? ರಾತ್ರಿ ಮಕ್ಕೊಳ್ಳಾಕ ಆಗವಲ್ದು, ಕುಂತಽ ಇರ್ತೀನಿ" ಎಂದಳು.

"ನಿಮ್ಮ ಮನೇಲಿ ಗ್ಯಾಸ್ ಅಂತ ಬರೆದಿದ್ದೆನಲ್ಲಮ್ಮಾ" ಎಂದೆ.

"ಅದು ಮಂದಿ ಬಂದಾಗ ಹಚ್ಚಾಕ ಇಟ್ಟೀನ್ರಿ. ನಿಮ್ಮಂಥವ್ರು ಬಂದಾಗ ಹೊಗಿಯಾಗ ಹೆಂಗ ಕುಂದ್ರಸಾದು? ರೊಟ್ಟಿ, ಅನ್ನ, ಸಾರು ಎಲ್ಲಾ ಕಟಗಿ ಮ್ಯಾಲೇ. ಸಿಲಿಂಡರ ತರಾಕ ಸಂಡೂರಿಗೆ ಬರಬೇಕು, ಹೊರೋರು ಯಾರದಾರ?"

ಆಕೆಯ ಮನೆಗೆ ಹೋಗುವ ಯಾರೂ ಆಕೆಯ ಅಡುಗೆಯನ್ನು ನೋಡಿರಲಾರರು ಎಂಬುದು ನನಗೆ ಆ ಬಸ್‌ಸ್ಟ್ಯಾಂಡಿನಲ್ಲಿ ಹೊಳೆಯಿತು. ನೋಡುವವರು ಬಂದ ಕೂಡಲೇ ಅಲ್ಲಿ ಒಲೆ ಬದಲಾಗುತ್ತಿತ್ತು. ನನ್ನ ಕಣ್ಣು ಹೊಗೆಯಿಂದ ಉರಿಯಬಾರದೆಂದು ಆಕೆ ಹಚ್ಚಿದ ಉರಿಯನ್ನೇ ನಾನು ಸಾಕ್ಷಿಯೆಂದು ಬರೆದುಕೊಂಡು ಬಂದಿದ್ದೆ. ಉಪಚಾರ ಮಾಡಿದ್ದಕ್ಕೆ ಶಿಕ್ಷೆಯಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ. "ಮುಂದಿನ ಸುತ್ತಿನಲ್ಲಿ ತಿದ್ದುತ್ತೇನಮ್ಮಾ, ಖಂಡಿತ ಹೆಸರು ಬರುತ್ತದೆ" ಎಂದು ಮಾತು ಕೊಟ್ಟೆ. "ಬರೀರಿ ನಮ್ಮವ್ವ" ಎಂದು ನಿಧಾನವಾಗಿ ಬಸ್ಸಿನ ಮೆಟ್ಟಿಲು ಹತ್ತಿದಳು. ಅಂದೇ ಹೊಸಪೇಟೆಯ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಬಹುದಿತ್ತು. ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ, ನನ್ನ ತಲೆಗೂ ಬರಲಿಲ್ಲ. ಈಗ ಬಾರದ ದಿನವಿಲ್ಲ.

ಎರಡನೆಯ ಸುತ್ತಿಗೆ ಅಪ್ಪಣೆ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಹೋದಾಗ ಅಂಗಳದಲ್ಲಿ ರೇಣುಕಾ ಒಬ್ಬಳೇ ಇದ್ದಳು. ಅತ್ತೆ ಹೋಗಿ ಮೂರು ವಾರವಾಗಿತ್ತು. ತಪಾಸಣೆಯಾಗಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರನ್ನು ಕೇಳಿದೆ, ಹೇಳಲಾಗದು ಎಂದರು. ಹೇಳಲಾಗದು ಎಂಬ ಮಾತಿನಲ್ಲಿ ಅವಿತುಕೊಳ್ಳಲು ಬಹಳ ಜಾಗವಿದೆ, ಆದರೆ ನನಗೆ ಅಲ್ಲಿ ನಿದ್ದೆ ಹತ್ತುವುದಿಲ್ಲ.

ಫಾರಂ ತೆಗೆಯಲೇಬೇಕಾಯಿತು. ಈ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ, ಕಾರಣವೇನು ಎಂಬ ಪ್ರಶ್ನೆ ಅದರಲ್ಲಿತ್ತು. ಎದೆನೋವು, ಜ್ವರ, ಅಪಘಾತ, ವಯಸ್ಸು, ಇತರೆ. ಆ ಉತ್ತರಗಳನ್ನು ಒಂದೊಂದಾಗಿ ಓದಿ ಹೇಳಿದೆ. ರೇಣುಕಾ ಸೆರಗಿನಿಂದ ಮೂಗು ಒರೆಸಿಕೊಂಡು, "ನಿಮಗ ಯಾವುದು ಬೇಕೋ ಅದನ್ನ ಬರ್ಕೋರಿ ಅಕ್ಕಾರ. ನಮ್ಮತ್ತಿನೂ ಹಂಗಽ ಹೇಳ್ತಿದ್ಲು, ಪಾಪ ಬಿಸಲಾಗ ಅಡ್ಡಾಡ್ತಾರ, ಅವ್ರಿಗೆ ತ್ರಾಸ ಕೊಡಬಾರದು ಅಂತ" ಎಂದಳು. ನಾನು ಅತ್ತುಬಿಟ್ಟೆ. ಹನ್ನೆರಡು ವರ್ಷಗಳಲ್ಲಿ ಬೇರೆಯವರ ಅಂಗಳದಲ್ಲಿ ಕೂತು ಅತ್ತದ್ದು ಅದೊಂದೇ ಸಲ.

ಅವಳು ಗಾಬರಿಯಾಗಿ ಚಹಾಕ್ಕೆ ಎದ್ದಳು. "ಗ್ಯಾಸ್ ಬೇಡ ರೇಣುಕಾ, ನೀನು ದಿನಾ ಎಲ್ಲಿ ಮಾಡ್ತೀಯೋ ಅಲ್ಲೇ ಮಾಡು, ನಾನೂ ಒಳಗೆ ಬಂದು ಕೂಡ್ತೀನಿ" ಎಂದೆ. "ಬ್ಯಾಡ್ರಿ, ಭಾಳ ಹೊಗಿ ಐತಿ" ಎಂದು ಅಡ್ಡ ನಿಂತಳು. ನಾನು ಕೇಳಲಿಲ್ಲ. ಮೂಲೆಯ ಒಲೆಗೆ ಜಾಲಿ ಕಟ್ಟಿಗೆ ತುರುಕಿ ಬಗ್ಗಿ ಊದಿದಳು, ಹೊಗೆ ಎದ್ದು ಚಾವಣಿಗೆ ಬಡಿದು ನಮ್ಮಿಬ್ಬರ ಮೇಲೆ ಇಳಿಯಿತು. ಕಣ್ಣು ಬಿಡಲಾಗಲಿಲ್ಲ, ಗಂಟಲಲ್ಲಿ ಮೆಣಸಿನಕಾಯಿ ಇಟ್ಟಂತಾಯಿತು. ಇಲ್ಲಿಯೇ ಕೂತಿರಬೇಕು, ಪೂರ್ತಿ ನೋಡಬೇಕು, ನೋಡಿಯೇ ಬರೆಯಬೇಕು ಎಂದು ಹಟ ಹಿಡಿದವಳು, ನೀರು ಕುದಿಯುವ ಮೊದಲೇ ಕೆಮ್ಮುತ್ತ ಎದ್ದು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಒಳಗೆ ರೇಣುಕಾ ಹಿಟ್ಟಿನ ಡಬ್ಬಿ ತೆಗೆದ ಸದ್ದು ಕೇಳಿಸಿತು. ಬೆಂಕಿ ಹೊತ್ತಿಕೊಂಡಿತ್ತಲ್ಲ, ಚಹಾದ ಹಿಂದೆಯೇ ಮನೆಯವರಿಗೆಲ್ಲ ರೊಟ್ಟಿ ಬಡಿದುಬಿಡಲು ಅವಳು ಕೂತಿದ್ದಳು.