ಕವಿತೆಯ ಕೆಳಗಿನ ಜಾಗ

ಮೂವತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಒಂದು ವರ್ಷ ದೀಪಾವಳಿ ಸಂಚಿಕೆಯ ಮೊದಲ ಪುಟಕ್ಕೆ ಸಂಪಾದಕರು ಒಂದು ಚಿತ್ರ ಆರಿಸಿದರು. ಪಾದ್ರಿಯೊಬ್ಬರು ಎರವಲು ಕೊಟ್ಟ ಹಳೆಯ ಲ್ಯಾಟಿನ್ ಪುಸ್ತಕದಲ್ಲಿದ್ದ, ತಾಮ್ರದ ಹಲಗೆಯಿಂದ ಅಚ್ಚಾದ ಚಿತ್ರ ಅದು. ಎರಡು ವಿದ್ಯೆಗಳು ಇಬ್ಬರು ಹೆಂಗಸರ ರೂಪದಲ್ಲಿ ಎದುರುಬದುರಾಗಿ ನಿಂತಿದ್ದವು. ಎಡಗಡೆಯವಳು ಕವಿತೆ: ನಕ್ಷತ್ರ ತುಂಬಿದ ನಿಲುವಂಗಿ, ಎಲೆಗಳ ಕಿರೀಟ, ಕೈಯಲ್ಲಿ ಪುಟ್ಟ ತಂತಿವಾದ್ಯ. ಬಲಗಡೆಯವಳು ವಾಕ್ಚಾತುರ್ಯ: ಎದೆಗೆ ಕವಚ, ಒಂದು ಕೈಯಲ್ಲಿ ತೆರೆದ ಪುಸ್ತಕ, ಇನ್ನೊಂದರಲ್ಲಿ ಸಿಡಿಲು.

ಕವಿತೆಯ ಕೆಳಗೆ ಕದ್ರಿಯ ಶಾಲಾಮಾಸ್ತರರೊಬ್ಬರ ಪದ್ಯ, ವಾಕ್ಚಾತುರ್ಯದ ಕೆಳಗೆ ನನ್ನ ಲೇಖನ ಎಂದು ಸಂಪಾದಕರು ಪುಟಕ್ಕೆ ಗೆರೆ ಎಳೆದುಕೊಟ್ಟರು.

ಮಾಸ್ತರರಿಗೂ ನನಗೂ ಒಂದೇ ವಯಸ್ಸು. ಶಾಲೆ ಬಿಟ್ಟ ಮೇಲೆ ಅವರು ಪ್ರೆಸ್ಸಿಗೆ ಬಂದು, ಗೋಡೆಗೆ ಒರಗಿಕೊಂಡೇ ಎಂಟು ಸಾಲು ಬರೆದುಕೊಡುತ್ತಿದ್ದರು. ತಿದ್ದಲು ಏನೂ ಇರುತ್ತಿರಲಿಲ್ಲ. ಆದರೂ ನಾನು ಹುಡುಕುತ್ತಿದ್ದೆ. ಒಮ್ಮೆ ನಾನೂ ಪದ್ಯ ಬರೆದು ಸಂಪಾದಕರ ಮೇಜಿನ ಮೇಲಿಟ್ಟಿದ್ದೆ.

"ಒಳ್ಳೆದುಂಟು ಮಾರಾಯ್ರೆ," ಎಂದರು ಅವರು. "ಎಷ್ಟು ಗಂಟೆಗೆ ನಡೆದದ್ದು ಅಂತ ಸೇರಿಸಿದ್ರೆ ಸುದ್ದಿಗೇ ಹಾಕ್ಬಹುದು."

ಇಡೀ ಪ್ರೆಸ್ಸು ನಕ್ಕಿತು. ಮಾಸ್ತರರು ಮಾತ್ರ ನಗಲಿಲ್ಲ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಚಿತ್ರ ಮುದ್ರಿಸುವ ಬ್ಲಾಕನ್ನು ಮದರಾಸಿನಿಂದ ತರಿಸಲು ಸಮಯವಿರಲಿಲ್ಲ. ಕಂಕನಾಡಿಯಲ್ಲಿ ಇಗರ್ಜಿಗಳಿಗೆ ಸಂತರ ಮರದ ಮೂರ್ತಿ ಕೆತ್ತುವ ಕೊಂಕಣಿ ಕ್ರೈಸ್ತರೊಬ್ಬರಿದ್ದರು, ಊರವರ ಬಾಯಲ್ಲಿ ಪೊರ್ಬುಗಳು. ಮಾಸ್ತರರೇ ತೆಳುಕಾಗದದ ಮೇಲೆ ಚಿತ್ರದ ನಕಲು ತೆಗೆದು, ಮರದ ಬ್ಲಾಕ್ ಕೆತ್ತಲು ಅವರಿಗೆ ಕೊಟ್ಟುಬಂದರು. ಮರುದಿನ ಅಳತೆ ನೋಡಿ ಬರಲು ಸಂಪಾದಕರು ನನ್ನನ್ನು ಕಳಿಸಿದರು.

ಪೊರ್ಬುಗಳು ಕಾಗದವನ್ನು ಗೆರೆ ಮೇಲಾಗಿ, ನೇರವಾಗಿ ಹಲಗೆಗೆ ಅಂಟಿಸಿದ್ದರು. ಮೂರ್ತಿ ಕೆತ್ತುವವರಿಗೆ ಕಂಡದ್ದನ್ನು ಕಂಡ ಹಾಗೇ ಕೆತ್ತಿ ಅಭ್ಯಾಸ. ಅಚ್ಚಿನ ಬ್ಲಾಕಿಗಾದರೆ ಕಾಗದವನ್ನು ಮಗುಚಿ ಅಂಟಿಸಬೇಕು. ಇಲ್ಲದಿದ್ದರೆ ಮುದ್ರಿಸಿದಾಗ ಎಡದಲ್ಲಿದ್ದದ್ದು ಬಲಕ್ಕೆ ಹೋಗುತ್ತದೆ. ಅವರ ಉಳಿ ಇನ್ನೂ ಅಂಚಿನಲ್ಲೇ ಇತ್ತು; ತಿದ್ದಲು ಹೊತ್ತಿತ್ತು.

"ನೋಡಿ, ಸರಿ ಉಂಟಾ? ಪೇಪರಿಗೆ ನಾನು ಮಾಡುದು ಇದೇ ಮೊದಲು," ಎಂದರು.

ಹಾಗೆಯೇ ಬಿಟ್ಟರೆ ಕವಿತೆ ಬಲಕ್ಕೆ ಬರುತ್ತಾಳೆ, ನನ್ನ ಲೇಖನದ ಮೇಲೆ ನಿಲ್ಲುತ್ತಾಳೆ.

"ಅಳತೆ ಸರಿ ಉಂಟು," ಎಂದೆ. ಅಳತೆ ಸರಿಯಾಗಿಯೇ ಇತ್ತು.

ಸಂಚಿಕೆ ಅಚ್ಚಿಗೆ ಹೋಗುವ ದಿನ ಮೊದಲ ಪ್ರತಿ ತೆಗೆದರು. ಕವಿತೆ ನನ್ನ ಲೇಖನದ ಮೇಲೆ ನಿಂತಿದ್ದಳು. ಮಾಸ್ತರರ ಪದ್ಯದ ಮೇಲೆ ಕವಚದವಳು ಸಿಡಿಲು ಎತ್ತಿದ್ದಳು. ಇನ್ನೊಂದು ಬ್ಲಾಕ್ ಮಾಡಿಸಲು ಹೊತ್ತು ಉಳಿದಿರಲಿಲ್ಲ. ಅಷ್ಟನ್ನು ನಾನು ಲೆಕ್ಕ ಹಾಕಿಯೇ ಇದ್ದೆ.

ಸಂಪಾದಕರು ಕನ್ನಡಕ ಏರಿಸಿ ನೋಡಿದರು. ಆಮೇಲೆ ಫೋರ್‌ಮನ್‌ನನ್ನು ಕರೆದರು.

"ಚಿತ್ರ ತಿರುಗಿದೆ ಮಾರಾಯ. ಕೆಳಗಿನ ಎರಡು ಕಾಲಂ ಆಚೀಚೆ ಮಾಡು. ಅದೆಂತ ದೊಡ್ಡ ವಿಷಯ?"

ಫೋರ್‌ಮನ್ ಎರಡು ಕಾಲಮಿನ ಅಚ್ಚುಮೊಳೆಗಳನ್ನೂ ಎತ್ತಿ ಜಾಗ ಬದಲಿಸಿದ. ಬಾಯಲ್ಲಿದ್ದ ಬೀಡಿ ಮುಗಿಯುವ ಮೊದಲೇ ಕೆಲಸ ಮುಗಿಯಿತು. ದಿನವೂ ಪುಟ ಕಟ್ಟುವುದನ್ನು ನೋಡುವ ನನಗೆ ಇದು ಹೊಳೆದಿರಲಿಲ್ಲ.

ಸಂಜೆ ಮಾಸ್ತರರು ಬಂದು ಚಿತ್ರ ನೋಡಿದರು. "ತಪ್ಪು ನನ್ನದು. ಮಗುಚಿ ಅಂಟಿಸಿ ಅಂತ ನಾನೇ ಪೊರ್ಬುಗಳಿಗೆ ಹೇಳ್ಬೇಕಿತ್ತು," ಎಂದರು. ಆಮೇಲೆ ಬಗ್ಗಿ ಕವಿತೆಯನ್ನು ಇನ್ನೊಮ್ಮೆ ನೋಡಿ, "ಓ, ಇವಳೀಗ ಎಡಗೈಯಲ್ಲಿ ನುಡಿಸ್ತಾಳಲ್ಲ!" ಎಂದು ನಕ್ಕರು. ನಿಂತಲ್ಲೇ ಪದ್ಯದ ಕೊನೆಯ ಎರಡು ಸಾಲು ಹೊಡೆದು ಹಾಕಿ ಹೊಸದು ಬರೆದರು. ಎಡಗೈ ಬಳಸುತ್ತಾಳೆಂದು ಮನೆಯಲ್ಲಿ ದಿನವೂ ಬೈಸಿಕೊಂಡ ಹುಡುಗಿ ಅದೇ ಕೈಯಿಂದ ತಂತಿ ಮೀಟಿ ಮನೆಯವರನ್ನು ಸುಮ್ಮನಾಗಿಸಿದಳು ಎಂದು ಅವುಗಳ ಅರ್ಥ.

ಪ್ರೂಫ್ ನನ್ನ ಮೇಜಿಗೆ ಬಂತು. ಮೂರು ಸಲ ಓದಿದೆ. ಹೊಡೆದು ಹಾಕಿದ ಸಾಲುಗಳಿಗಿಂತ ಇವು ಎಷ್ಟೋ ಮೇಲಿದ್ದವು. ಸಹಿ ಹಾಕಿ ಕೊಟ್ಟೆ.

ಹಬ್ಬ ಮುಗಿದ ಮೇಲೂ ಜನ ಆ ಎರಡು ಸಾಲುಗಳನ್ನೇ ಹೇಳಿಕೊಂಡು ತಿರುಗಿದರು. ಅವು ಹುಟ್ಟಲು ನಾನೇ ಕಾರಣ ಎಂದು ಹೇಳಿಕೊಳ್ಳುವ ಆಸೆ ನನಗೆ ಎಷ್ಟೋ ಸಲ ಆದದ್ದುಂಟು. ಹೇಳಬೇಕಾದರೆ ಕಂಕನಾಡಿಯಲ್ಲಿ ಬಾಯಿ ಮುಚ್ಚಿಕೊಂಡು ಬಂದದ್ದನ್ನೂ ಹೇಳಬೇಕಿತ್ತು.