ಸೀಲು ಒಡೆದ ಕೈ

ಮೊಬೈಲ್ ಅಂಗಡಿಗೆ ಸೇರಿದ ಮೊದಲ ವಾರ ನಾನು ಕಲಿತದ್ದು ಫೋನ್ ಮಾರುವುದನ್ನಲ್ಲ, ಡಬ್ಬದ ಸೀಲು ಒಡೆಸುವುದನ್ನು. ಸಿರುಗುಪ್ಪದ ಅಂಗಡಿಯಲ್ಲಿ ನನಗಿಂತ ಹಳಬಳೊಬ್ಬಳು ಹೇಳಿಕೊಟ್ಟಳು: "ಸೀಲು ನೀ ಒಡೀಬ್ಯಾಡ. ಗಿರಾಕಿ ಕೈಲೆ ಒಡಸು." ಗಿರಾಕಿಯೇ ಒಡೆದರೆ ಆ ಫೋನನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ ಎಂಬುದು ಅಂಗಡಿಯ ರೂಲ್ಸು. ಕಾನೂನು ಏನನ್ನುತ್ತದೋ ನಾವು ಕೇಳಲಿಲ್ಲ. ಗೋಡೆಯ ಮೇಲೆ ಬೋರ್ಡ್ ಇತ್ತು, ಅಷ್ಟು ಸಾಕಾಗಿತ್ತು.

ನಾನು ಅದಕ್ಕೆ ನನ್ನದೇ ಒಗ್ಗರಣೆ ಹಾಕಿದೆ. ಭತ್ತ ಮಾರಿ ಬಂದ ಮನೆಯವರಿಗೆ, "ಮನಿ ಲಕ್ಷ್ಮಿ ಕೈಲೆ ಒಡಸ್ರಿ, ಚಲೋ ಆಗ್ತೈತಿ" ಎನ್ನುತ್ತಿದ್ದೆ. ನಮ್ಮ ಜನ ಬಂದರೆ, "ಬಿಸ್ಮಿಲ್ಲಾ ಅಂತ ಒಡೀರಿ." ಅವರು ನಗುನಗುತ್ತಾ ಒಡೆಯುತ್ತಿದ್ದರು, ನಾನು ವಿಡಿಯೋ ಮಾಡಿಕೊಳ್ಳುತ್ತಿದ್ದೆ. ಅದು ನೆನಪಿಗೆ ಅಂತ ಅವರು ತಿಳಿದಿದ್ದರು. ನಾಳೆ ಜಗಳಕ್ಕೆ ಬಂದರೆ ಬಾಯಿ ಮುಚ್ಚಿಸಲು ಅಂತ ನಮಗೆ ಗೊತ್ತಿತ್ತು. ಹುಡುಗಿ ಭಾರಿ ಚುರುಕು ಎಂದು ನನ್ನನ್ನು ಬಳ್ಳಾರಿಯ ಗಾಂಧಿನಗರದ ದೊಡ್ಡ ಅಂಗಡಿಗೆ ಹಾಕಿದರು. ಕೌಲ್ ಬಜಾರಿನ ನಮ್ಮ ಮನೆಗೆ ಅದು ಹತ್ತಿರ. ಅಮ್ಮಿ ಓಣಿಗೆಲ್ಲ ಮಿಠಾಯಿ ಹಂಚಿದಳು.

ಒಂದು ದಿನ ಕುರುಗೋಡಿನಿಂದ ಒಬ್ಬ ತಾಯಿ, ಮಗಳು ಅಂಗಡಿಗೆ ಬಂದರು. ತಾಯಿ ಬ್ಲೌಸ್ ಹೊಲಿಯುವವಳು. ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಮಾತು ಬರುತ್ತಿತ್ತು, ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ದಿನಾ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಬರುವವಳು. ಲೆಕ್ಚರರ್ ಬೋರ್ಡಿನ ಕಡೆ ತಿರುಗಿ ಪಾಠ ಹೇಳಿದರೆ ಅವಳಿಗೆ ಕಾಣುವುದು ಅವರ ಬೆನ್ನು ಮಾತ್ರ. ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪ್ ಹಳೆ ಫೋನಿನಲ್ಲಿ ಇತ್ತಂತೆ, ಆದರೆ ಅವಳ ಕ್ಲಾಸಿನೊಳಗೆ ನೆಟ್ ಸಿಗುತ್ತಿರಲಿಲ್ಲ. ನಮ್ಮ ಜಾಹೀರಾತು ಹೇಳಿದ್ದೇ ಅದನ್ನು: ನೆಟ್ ಇಲ್ಲದೆಯೂ ಮಾತು ಅಕ್ಷರವಾಗುತ್ತದೆ. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ಆಯ್ದ ಮಾಡೆಲ್‌ಗಳಲ್ಲಿ, ಆಯ್ದ ಭಾಷೆಗಳಲ್ಲಿ ಎಂದಿತ್ತು.

ಶೋಕೇಸಿನಲ್ಲಿದ್ದದ್ದು ದುಬಾರಿ ಮಾಡೆಲ್. ಅವರ ಕೈಗೆಟುಕುತ್ತಿದ್ದದ್ದು ಅದೇ ಹೆಸರಿನ ಅಗ್ಗದ್ದು. ನಾನು ಶೋಕೇಸಿನದನ್ನು ಎತ್ತಿಕೊಂಡು "ಗುಡ್ ಮಾರ್ನಿಂಗ್ ಸ್ಟೂಡೆಂಟ್ಸ್" ಎಂದೆ. ಅಕ್ಷರಗಳು ಸಾಲಾಗಿ ಬಂದವು. ಹುಡುಗಿ ಫೋನ್ ಬಿಟ್ಟು ನನ್ನನ್ನೇ ನೋಡಿದಳು, ಅದನ್ನು ನಾನೇ ಕಂಡುಹಿಡಿದವಳೇನೋ ಎನ್ನುವ ಹಾಗೆ.

"ಕನ್ನಡದಾಗೂ ಬರ್ತೈತೇನ್ರಿ? ಇವರ ಸರ್ರು ಕನ್ನಡದಾಗ ಪಾಠ ಮಾಡ್ತಾರ," ಎಂದಳು ತಾಯಿ.

ಅಗ್ಗದ ಮಾಡೆಲ್‌ನಲ್ಲಿ ಆ ಸೌಲಭ್ಯವೇ ಇಲ್ಲ, ಕನ್ನಡವಂತೂ ಯಾವುದರಲ್ಲೂ ಇಲ್ಲ. ಟ್ರೈನಿಂಗ್‌ನಲ್ಲಿ ನಮಗೆ ಇದನ್ನು ಸರಿಯಾಗಿಯೇ ಹೇಳಿದ್ದರು.

"ಬರ್ತೈತ್ರಮ್ಮಾ. ಒಂದು ಅಪ್‌ಡೇಟ್ ಬಂದ್ರ ಸಾಕು," ಎಂದೆ. ಇಲ್ಲ ಎನ್ನುವುದನ್ನು ನಮ್ಮ ಧಂದೆಯಲ್ಲಿ ಹೀಗೆ ಹೇಳುತ್ತೇವೆ. ಆಮೇಲೆ ಅಗ್ಗದ ಫೋನಿನ ಸೀಲನ್ನು ಮಗಳ ಕೈಯಿಂದಲೇ ಒಡೆಸಿದೆ, ವಿಡಿಯೋ ಮಾಡಿಕೊಂಡೆ.

ಮೂರನೇ ದಿನ, ಅಕ್ಷರವೇ ಬರುತ್ತಿಲ್ಲ ಎಂದು ಫೋನ್ ವಾಪಸ್ ತಂದರು. ಮ್ಯಾನೇಜರ್ ವಿಡಿಯೋ ಹಾಕಿ ತೋರಿಸಿದ. "ನೋಡ್ರಿ, ನಿಮ್ಮ ಮಗಳೇ ಒಡದಾಳ. ನಗಾಕತ್ತಾಳ ಬೇರೆ."

"ಬ್ಲೌಸ್ ಬಿಗಿ ಆತು ಅಂತ ಯಾರಾದ್ರೂ ತಂದ್ರ ನಾ ಬಿಚ್ಚಿ ಮತ್ತ ಹೊಲದು ಕೊಡ್ತೀನ್ರಿ," ಎಂದಳು ತಾಯಿ. "ನೀ ಹಾಕ್ಕೊಂಡಿ, ಇನ್ನ ನನಗ ಸಂಬಂಧ ಇಲ್ಲ ಅಂದ್ರ ನನ್ನ ಹತ್ರ ಯಾರು ಬರ್ತಾರ?"

ಮ್ಯಾನೇಜರ್ ಚಹಾ ಕುಡಿಯಲು ಹೋದ. ನಾನು ಗಾಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಆ ಹೆಂಗಸು ಸುಮ್ಮನೆ ಮನೆಗೆ ಹೋಗಿ ನಮ್ಮನ್ನು ಶಪಿಸುತ್ತಾ ಕೂರಲಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಳು, ವಕೀಲರಿಲ್ಲದೆ, ತನ್ನ ಕೈಬರಹದಲ್ಲಿ. ಹಣ ವಾಪಸ್ ಕೊಡಿಸಿರಿ, ಅದರಲ್ಲಿ ಮುಂದಿನ ಸೆಮಿಸ್ಟರ್ ಒಳಗೆ ಮಗಳಿಗೆ ಉಪಯೋಗಕ್ಕೆ ಬರುವಂಥದ್ದು ಕೊಡಿಸಬೇಕು, ಒಂದು ಸೆಮಿಸ್ಟರ್ ಆಗಲೇ ಫೇಲಾಗಿದ್ದಾಳೆ, ಇನ್ನೊಂದು ಹೋದರೆ ಕಾಲೇಜು ಬಿಡಿಸಬೇಕಾಗುತ್ತದೆ ಎಂದು ಬರೆದಿದ್ದಳು. ಕೊನೆಗೆ, "ಅಂಗಡಿಯ ಆ ಹುಡುಗಿಯನ್ನು ಕರೆದು ಕೇಳಿರಿ, ಅವಳು ಒಳ್ಳೆಯವಳು, ನಿಜ ಹೇಳುತ್ತಾಳೆ" ಎಂದಿತ್ತು. ಅಂಗಡಿಯ ವಕೀಲರು ಅದನ್ನು ಜೋರಾಗಿ ಓದಿ ನಕ್ಕರು. ಅವರ ಜೊತೆ ನಾನೂ ನಕ್ಕೆ. ಇವತ್ತಿಗೂ ಆ ನಗು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವಕೀಲರು ನನ್ನ ಹೆಸರಿನಲ್ಲಿ ಒಂದು ಅಫಿಡವಿಟ್ ಟೈಪ್ ಮಾಡಿಸಿದರು. ಈ ಮಾಡೆಲ್‌ನಲ್ಲಿ ಆ ಸೌಲಭ್ಯ ಇಲ್ಲವೆಂದು ಮಾರುವ ಮೊದಲೇ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿದ್ದೇನೆ ಎಂದು. "ಸೈನ್ ಮಾಡು, ಇಲ್ಲಾಂದ್ರ ನಾಳಿಂದ ಬರಬ್ಯಾಡ," ಎಂದ ಮ್ಯಾನೇಜರ್. ಬಳ್ಳಾರಿಯಲ್ಲಿ ಮೊಬೈಲ್ ಅಂಗಡಿಗಳಿಗೇನು ಬರವೇ? ಇನ್ನೊಂದು ಕಡೆ ಕೆಲಸ ಸಿಗುತ್ತಿತ್ತು. ಹೆದರಿದೆ, ಅಷ್ಟೆ. ಸೈನ್ ಮಾಡಿದೆ.

ದೂರು ವಜಾ ಆಯಿತು. ಅಂಗಡಿ ಹೇಳಿದ್ದನ್ನು ಸುಳ್ಳು ಎನ್ನಲು ಆ ತಾಯಿ ಮಗಳ ಹತ್ತಿರ ಆಧಾರ ಇರಲಿಲ್ಲವಂತೆ. ಅವತ್ತು ವಕೀಲರ ಜೊತೆ ನಾನೂ ಹೋಗಿದ್ದೆ. ಹೊರಗೆ ಪಡಸಾಲೆಯಲ್ಲಿ ಹುಡುಗಿ ತಾಯಿಯ ಸೆರಗು ಜಗ್ಗಿ ಕೇಳಿದಳು, "ಏನಂದ್ರವ್ವ?"

ತಾಯಿ ಮಗಳನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿದಳು. ತುಟಿ ಚೆನ್ನಾಗಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಇದರಾಗ ಇಲ್ಲ ಅಂತ... ಆ ಅಕ್ಕ ನಮಗ... ಮೊದಲ ಹೇಳಿದ್ಲಂತ."

ಹುಡುಗಿಗೆ ನಂಬಿಕೆ ಬರಲಿಲ್ಲ. ತಾನೇ ತಪ್ಪು ತಿಳಿದೆನೆಂದುಕೊಂಡಳು. "ನನಗ ತಿಳೀಲಿಲ್ಲವ್ವ, ಇನ್ನೊಮ್ಮೆ ಹೇಳು," ಎಂದಳು.

ತಾಯಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಮಗಳ ಗಲ್ಲ ಹಿಡಿದುಕೊಂಡು, ನನ್ನ ಸುಳ್ಳನ್ನು ಮೊದಲಿನಿಂದ ಮತ್ತೊಮ್ಮೆ ಹೇಳಿದಳು.