ಪಾರೆಯ ಮೇಲಿನ ಹಸಿರು ಚುಕ್ಕಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಸಂಜೆ ಹನಿ ಬಿದ್ದಿತ್ತೋ ಬರೇ ಮೋಡ ಕವಿದಿತ್ತೋ, ಹೇಳಲಾರೆ. ಅಕ್ಕನ ಮಾತುಗಳೂ ಅಷ್ಟೇ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ತಿರುಗಿಸುವಾಗ ಏನಾದರೂ ಸೋರಿಹೋಗಿರುತ್ತದೆ. ಆದರೆ ಹಸಿರು ಚುಕ್ಕಿಯ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ಈಗಲೂ ದಿನಾ ನೋಡುತ್ತೇನೆ.

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ರಾಮಕುಂಜದ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಮನೆ ಕಡಬದಿಂದ ಒಳಗೆ, ಕಾಡಿನ ಅಂಚಿನಲ್ಲಿ. ನಾನು ಬೆಳ್ಳಾರೆಯವಳು, ಎಂ.ಎ., ಬಿ.ಎಡ್. ಮುಗಿಸಿ ಪುತ್ತೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಅಕ್ಕನೂ ಅದೇ ಪರೀಕ್ಷೆಗೆ ಕಟ್ಟಿದ್ದಳು. ನನಗೆ ಇನ್ನೂ ಅವಕಾಶಗಳಿದ್ದವು. ಅವಳಿಗೆ ವಯಸ್ಸಿನ ಮಿತಿ ಬಾಗಿಲಿಗೆ ಬಂದು ನಿಂತಿತ್ತು. ಇನ್ನೊಮ್ಮೆ ಅರ್ಜಿ ಕರೆಯುವ ಹೊತ್ತಿಗೆ ಅವಳು ಅರ್ಜಿ ಹಾಕುವಂತಿರಲಿಲ್ಲ.

ನೋಟ್ಸಿಗೆ ಒಂದು ಆಪ್ ಬೇಕೆಂದು ಹೊರಟದ್ದು ನಾನು. ಒಂದು ಶನಿವಾರ ಮಧ್ಯಾಹ್ನ ಅಕ್ಕ ಪುತ್ತೂರಿಗೆ ಬಂದಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಇಬ್ಬರ ಫೋನಿಗೂ ಮೂರು ಆಪ್ ಹಾಕಿ ನೋಡಿದೆವು. ಮೊದಲನೆಯದು ಚಂದವಿತ್ತು, ಆದರೆ ಕನ್ನಡದಲ್ಲಿ ಹುಡುಕಿದರೆ ಬರೆದದ್ದೇ ಸಿಗುತ್ತಿರಲಿಲ್ಲ. ಎರಡನೆಯದರಲ್ಲಿ ಎಲ್ಲವೂ ಫೋನಿನೊಳಗೇ ಉಳಿಯುತ್ತಿತ್ತು. ಫೋನ್ ಹೋದರೆ ನೋಟ್ಸೂ ಹೋಯಿತು. ಮೂರನೆಯದರಲ್ಲಿ ಒಂದೇ ಪುಟವನ್ನು ಇಬ್ಬರೂ ತೆರೆದಿಡಬಹುದಿತ್ತು. ಯಾರು ಪುಟದಲ್ಲಿದ್ದಾರೋ ಅವರ ಬಣ್ಣದ ಚುಕ್ಕಿ ಮೇಲೆ ಕಾಣುತ್ತಿತ್ತು, ಬರೆಯುವ ಜಾಗದಲ್ಲಿ ಅದೇ ಬಣ್ಣದ ಗೆರೆ ಮಿನುಗುತ್ತಿತ್ತು. ನನ್ನದು ಕಿತ್ತಳೆ, ಅಕ್ಕನದು ಹಸಿರು. ರೇಂಜ್ ಇಲ್ಲದಾಗಲೂ ಬರೆಯಬಹುದು. ಆಮೇಲೆ ರೇಂಜ್ ಸಿಕ್ಕಿದಲ್ಲಿ ಅದು ತಾನಾಗಿ ಸೇರಿಕೊಳ್ಳುತ್ತಿತ್ತು.

ನಾನು ಒಂದೊಂದು ವಿಷಯಕ್ಕೂ ಒಂದೊಂದು ಬಣ್ಣ, ಗುರುತುಚೀಟಿ, ಒಳಪುಟ ಎಂದು ಜೋಡಿಸಲು ತೊಡಗಿದೆ. ಅಕ್ಕ ಚಟ್ನಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ನೀನು ಶಾಲೆಗೆ ಹೋಗುವಾಗಲೂ ಹಾಗೇ ಮಾರಾಯ್ತಿ. ಪುಸ್ತಕಕ್ಕೆ ಬೈಂಡ್ ಹಾಕುದರಲ್ಲೇ ಜೂನ್ ಮುಗೀತಿತ್ತು."

"ಮತ್ತೆ ನಿನಗೆ ಎಂತ ಬೇಕು?"

"ನಾನು ಬರೆದದ್ದು ನಿನಗೆ ಕಾಣ್ಬೇಕು. ನೀನು ಬರೆದದ್ದು ನನಗೆ. ಅಷ್ಟೇ. ಉಳಿದದ್ದೆಲ್ಲ ಬೈಂಡು."

ಹೀಗೆ ಮೂರನೆಯದು ಗೆದ್ದಿತು. ಪುಟದ ಕೊನೆಗೆ ಒಬ್ಬರು ಒಂದು ಪ್ರಶ್ನೆ ಬರೆದಿಡಬೇಕು, ಮರುದಿನ ಸಂಜೆಯೊಳಗೆ ಇನ್ನೊಬ್ಬರು ಉತ್ತರಿಸಬೇಕು ಎಂಬ ನಿಯಮ ಅಕ್ಕನದು. ಪುಸ್ತಕ ನೋಡಬಾರದು, ಪುಸ್ತಕದ ವಾಕ್ಯವನ್ನು ಹಾಗೆಯೇ ಇಳಿಸಬಾರದು. ಬಣ್ಣಗಳಿಗಿಂತ ಈ ನಿಯಮದಿಂದಲೇ ನಾನು ಹೆಚ್ಚು ಕಲಿತೆ. ಅಕ್ಕ ಒಂದು ಪ್ರಶ್ನೆಯನ್ನೂ ಬಾಕಿ ಇಟ್ಟವಳಲ್ಲ. ಜ್ವರ ಬಂದಾಗಲೂ, "ಗೊತ್ತಿಲ್ಲ, ನೀನೇ ಹೇಳು" ಎಂದಾದರೂ ಬರೆಯುತ್ತಿದ್ದಳು.

ಅವಳ ಮನೆಯಲ್ಲಿ ರೇಂಜ್ ಇರಲಿಲ್ಲ. ಹಿಂದಿನ ಗುಡ್ಡೆ ಹತ್ತಿ, ರಬ್ಬರ್ ತೋಟ ದಾಟಿದರೆ ಮೇಲೆ ಒಂದು ಪಾರೆ. ಕಪ್ಪು ಬಂಡೆಯ ಬಯಲು. ಅಲ್ಲಿ ನಿಂತರೆ ಫೋನಿಗೆ ಜೀವ ಬರುತ್ತಿತ್ತು. ಊರಿನವರೆಲ್ಲ ಅಲ್ಲಿಗೇ ಹೋಗುವುದು. ಆನ್‌ಲೈನ್ ಪಾಠದ ವರ್ಷಗಳಲ್ಲಿ ಮಕ್ಕಳು ಅಲ್ಲಿ ಕೊಡೆ ಬಿಡಿಸಿ ಕುಳಿತದ್ದುಂಟು. ಅಕ್ಕ ಶಾಲೆಯಿಂದ ಬಂದು, ಚಾ ಕುಡಿದು, ಹೊತ್ತು ಇಳಿಯುವಾಗ ಮೇಲೆ ಹೋಗುತ್ತಿದ್ದಳು. ನಾನು ಪುತ್ತೂರಿನ ಕೋಣೆಯಲ್ಲಿ ಪುಟ ತೆರೆದಿಟ್ಟು ಕಾಯುತ್ತಿದ್ದೆ. ಹಸಿರು ಚುಕ್ಕಿ ಮೂಡಿತೆಂದರೆ ಅಕ್ಕ ಪಾರೆ ಮುಟ್ಟಿದಳು ಎಂದರ್ಥ. ದಿನವಿಡೀ ಅವಳು ಬರೆದದ್ದು ಒಮ್ಮೆಗೇ ಪುಟಕ್ಕೆ ಬಂದು ಇಳಿಯುತ್ತಿತ್ತು.

ಆ ವರ್ಷ ಆನೆಗಳ ಉಪದ್ರ ಹೆಚ್ಚಿತ್ತು. ಹೆಚ್ಚಿತ್ತು ಎಂದು ಆಗ ಅನ್ನಿಸಿತ್ತೋ, ಆಮೇಲೆ ನಾನು ಸೇರಿಸಿಕೊಂಡೆನೋ ಗೊತ್ತಿಲ್ಲ. ರಬ್ಬರ್ ತೋಟದ ಅಂಚಿನಲ್ಲಿ, ಆನೆಗಳಿಗೆ ಇಷ್ಟದ ಬೈನೆ ಮರವೊಂದು ಸೀಳಿ ಬಿದ್ದಿದ್ದನ್ನು ಮಾತ್ರ ನಾನೇ ನೋಡಿದ್ದೇನೆ, ಅದರ ತಿರುಳು ನಾರುನಾರಾಗಿತ್ತು. ಊರಿನವರು ಫೋನಿನಲ್ಲಿ ಒಂದು ಆನೆ ಗ್ರೂಪ್ ಮಾಡಿಕೊಂಡಿದ್ದರು. ಎಲ್ಲಾದರೂ ಆನೆ ಕಂಡವರು ಅದಕ್ಕೆ ಹಾಕಬೇಕು. ಹಾಕಿದ್ದು ತಲುಪಬೇಕಾದರೆ ರೇಂಜ್ ಬೇಕು, ರೇಂಜಿಗೆ ಪಾರೆಗೇ ಹೋಗಬೇಕು. ದೊಡ್ಡಮ್ಮ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

"ಗುಡ್ಡೆಯಲ್ಲಿ ಆನೆ ಉಂಟು, ಯಾರೂ ಗುಡ್ಡೆಗೆ ಹೋಗ್ಬೇಡಿ ಅಂತ ಓದ್ಲಿಕ್ಕೆ ನಾವು ಗುಡ್ಡೆಗೆ ಹೋಗುದು. ಎಂತ ಕಾಲ ಬಂತು ಮಾರಾಯ್ತಿ!"

ಎಲ್ಲರೂ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಆ ಸಂಜೆ ಹಸಿರು ಚುಕ್ಕಿ ಎಂದಿನ ಹೊತ್ತಿಗೇ ಮೂಡಿತು. ಹಿಂದಿನ ದಿನ ನಾನು ಕೇಳಿದ್ದ ಪ್ರಶ್ನೆ, ಮಕ್ಕಳು ಕಲಿತದ್ದನ್ನು ಮರೆಯುವುದು ಯಾಕೆ ಎಂದು. ಅಕ್ಕ ಉತ್ತರ ಬರೆಯಲು ಸುರು ಮಾಡಿದ್ದಳು. ಹೊಸ ಪಾಠ ಹಳೆಯ ಪಾಠದ ಮೇಲೆ ಕೂತುಬಿಡುತ್ತದೆ, ಎನ್ನುವಲ್ಲಿಗೆ ಗೆರೆ ನಿಂತಿತು. ಮಿನುಗುತ್ತಲೇ ಇತ್ತು, ಮುಂದೆ ಹೋಗಲಿಲ್ಲ. ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅದೇ ಸಾಲಿನ ಕೆಳಗೆ ಹೊಸ ಸಾಲು ಬಂತು.

"ಈಗ ಗ್ರೂಪಿನದ್ದು ಬಂತು. ಆನೆ ನಮ್ಮ ರಬ್ಬರಿಗೆ ಇಳಿದಿದೆಯಂತೆ. ಇಳಿದಿದೆ. ಕಾಣ್ತಾ ಉಂಟು."

ನಾನು ಫೋನ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಇನ್ನೊಂದು ಸಾಲು.

"ಫೋನ್ ಮಾಡ್ಬೇಡ. ಶಬ್ದ ಆಗ್ತದೆ."

ಅವಳಿಗೂ ಮನೆಗೂ ನಡುವೆ ಇದ್ದದ್ದು ಅದೊಂದೇ ದಾರಿ, ಆ ದಾರಿಯಲ್ಲಿ ಆನೆ. ಮನೆಯಲ್ಲಿ ರೇಂಜ್ ಇಲ್ಲ, ಹಳೆಯ ಲ್ಯಾಂಡ್‌ಲೈನ್ ಸತ್ತು ವರ್ಷಗಳಾಗಿದ್ದವು. ಕೆಳಗಿನ ಮನೆಯಲ್ಲಿ ಮಾತ್ರ ವೈಫೈ ಇತ್ತು. ಅಲ್ಲಿಯ ಯಜಮಾನರನ್ನು ನಾವು ಮಾವ ಎನ್ನುತ್ತೇವೆ, ಸಂಬಂಧವೇನೂ ಇಲ್ಲ. ಅವರಿಗೆ ಕರೆ ಮಾಡಿದೆ.

"ಎಂತ ಮಾರಾಯ್ತಿ, ಅಪರೂಪಕ್ಕೆ?"

"ಮಾವ, ಅಕ್ಕ ಪಾರೆಯಲ್ಲಿ ಇದ್ದಾಳೆ. ಕೆಳಗೆ ರಬ್ಬರಿನಲ್ಲಿ ಆನೆ ಉಂಟಂತೆ."

"ಯಾರು ಹೇಳಿದ್ದು?"

"ಅವಳೇ ಬರೆದಿದ್ದಾಳೆ."

"ಬರೀಲಿಕ್ಕೆ ಕೂತಿದ್ದಾಳಾ ಅವಳು?" ಎಂದರು. ನಗಲಿಲ್ಲ. ಫೋನ್ ಇಡದೆಯೇ ಒಳಗೆ ಯಾರನ್ನೋ ಕೂಗಿ ಗರ್ನಾಲು ಎಲ್ಲುಂಟು ಎಂದು ಕೇಳಿದ್ದು ನನಗೆ ಕೇಳಿಸಿತು. ಗರ್ನಾಲು ಎಂದರೆ ದೊಡ್ಡ ಸದ್ದಿನ ಪಟಾಕಿ. ಆನೆ ಓಡಿಸಲು ಆ ಕಡೆ ಎಲ್ಲರ ಮನೆಯಲ್ಲೂ ಇಟ್ಟಿರುತ್ತಾರೆ.

ಪುಟಕ್ಕೆ ಮರಳಿ "ಮಾವ ಬರ್ತಾರೆ, ಅಲ್ಲೇ ಇರು" ಎಂದು ಬರೆದೆ. ನನ್ನ ಕಿತ್ತಳೆ ಗೆರೆಯ ಪಕ್ಕದಲ್ಲಿ ಹಸಿರು ಗೆರೆ ಸುಮ್ಮನೆ ನಿಂತಿತ್ತು. ಹೊರಗೆ ಬಸ್ಸುಗಳ ಹಾರ್ನು, ಕೆಳಗಿನ ಅಂಗಡಿಯವನು ಶಟರ್ ಎಳೆಯುವ ಸದ್ದು. ಆಮೇಲೆ ಹಸಿರು ಗೆರೆ ಚಲಿಸಿತು. ಮೇಲಕ್ಕೆ ಹೋಯಿತು, ಅರ್ಧಕ್ಕೆ ಬಿಟ್ಟಿದ್ದ ಉತ್ತರದ ಸಾಲಿಗೆ. ಅಕ್ಕ ಉತ್ತರ ಮುಂದುವರಿಸಿದಳು. ಅಕ್ಷರ ಅಕ್ಷರವಾಗಿ, ಒಂದು ತಪ್ಪಿಲ್ಲದೆ, ಬಳಸದ ಪಾಠ ಹೇಗೆ ಮಸುಕಾಗುತ್ತದೆ ಎಂದು ಬರೆದಳು, ಒಂದು ಉದಾಹರಣೆಯನ್ನೂ ಕೊಟ್ಟಳು. ನಾನು ಹೆದರಿದ್ದು ಆನೆಯ ಸುದ್ದಿಗಲ್ಲ, ಆನೆಯನ್ನು ಎದುರಿಗಿಟ್ಟುಕೊಂಡು ಅವಳು ಕೊಟ್ಟ ಆ ಉದಾಹರಣೆಗೆ. ಪೂರ್ಣವಿರಾಮ ಬಿತ್ತು. ಚುಕ್ಕಿ ಆರಿತು.

ಕತ್ತಲಾಗುವ ಮುಂಚೆ ಮಾವ ಕರೆ ಮಾಡಿದರು. ಗರ್ನಾಲು ಸಿಡಿಸಿದ ಮೇಲೆ ಆನೆ ಹೊಳೆಯ ಕಡೆ ಇಳಿದಿದೆ, ಅಕ್ಕ ಮನೆ ಸೇರಿದ್ದಾಳೆ ಎಂದರು. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ. "ಹೇಗೆ ಅಂದ್ರೆ? ನಡ್ಕೊಂಡು ಬಂದ್ಲು. ನಾವು ಓಡ್ತಾ ಇದ್ದದ್ದು, ಅವಳು ನಡ್ಕೊಂಡೇ ಬಂದ್ಲು," ಎಂದರು.

ಮರುದಿನ ಕಡಬಕ್ಕೆ ಬಸ್ ಹತ್ತಿದೆ. ಕೊಯಿಲದ ಹುಲ್ಲುಗಾವಲು ದಾಟುವಾಗ ಮೇಯುತ್ತಿದ್ದ ದನಗಳ ಬೆನ್ನುಗಳೆಲ್ಲ ಕಪ್ಪಾಗಿ, ದೊಡ್ಡದಾಗಿ ಕಂಡವು. ಅಕ್ಕ ಜಗಲಿಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಸೊಳೆ ಬಿಡಿಸುತ್ತಿದ್ದಳು.

"ಅದು ನನ್ನನ್ನು ನೋಡ್ಲಿಕ್ಕೆ ಬಂದದ್ದಲ್ಲ ಮಾರಾಯ್ತಿ. ಬೈನೆ ತಿನ್ಲಿಕ್ಕೆ ಬಂದದ್ದು. ನೀನು ಮುಖ ಸರಿ ಮಾಡು, ಅಮ್ಮ ಮೊದಲೇ ಹೆದರಿದ್ದಾರೆ."

ನಾನು ಪುಟ ತೆರೆದು ತೋರಿಸಹೊರಟೆ. ಉತ್ತರ ಇತ್ತು. ಆನೆಯ ಸಾಲುಗಳಿರಲಿಲ್ಲ, ನಾನು ಬರೆದದ್ದೂ ಇರಲಿಲ್ಲ.

"ಪರೀಕ್ಷೆಗೆ ಬರುದಿಲ್ಲ ಅದು. ನಿನ್ನೆ ಪಾರೆಯಿಂದ ಇಳಿಯುವ ಮುಂಚೆಯೇ ಅಳಿಸಿದೆ."

ಹಳೆಯ ಪ್ರತಿಗಳನ್ನು ಆ ಆಪ್ ದುಡ್ಡು ಕೊಡದವರಿಗೆ ಕೆಲವು ದಿನ ಮಾತ್ರ ಇಟ್ಟುಕೊಡುತ್ತದೆ. ಅದು ಹೊಳೆದು ಹುಡುಕುವಷ್ಟರಲ್ಲಿ ಅವೂ ಹೋಗಿದ್ದವು. ಹಾಗಾಗಿ ಮೇಲೆ ಬರೆದ ಸಾಲುಗಳಿಗೆ ನನ್ನ ನೆನಪಲ್ಲದೆ ಬೇರೆ ಸಾಕ್ಷಿ ಇಲ್ಲ. ಮಾವ ಹೇಳುವುದು, ಅಕ್ಕ ನನಗೆ ಫೋನ್ ಮಾಡಿದ್ದಳೆಂದು ನಾನೇ ಅವರಿಗೆ ಹೇಳಿದ್ದೆ ಎಂದು. ನಾಯಿ ಬೊಗಳಿದ್ದು ಕೇಳಿ ಮಾವ ತಾವಾಗಿ ಹೊರಟರು ಎಂದು ದೊಡ್ಡಮ್ಮ. ಶಬ್ದ ಆಗ್ತದೆ ಎಂಬ ಆ ಮಾತನ್ನು ಅಕ್ಕ ನಿಜವಾಗಿಯೂ ಬರೆದಿದ್ದಳೇ? ಬರೆಯದಿದ್ದರೆ ನಾನು ಅವಳಿಗೆ ಫೋನ್ ಮಾಡದೆ ಉಳಿದದ್ದು ಯಾಕೆ?

ವಾರ ಕಳೆಯುವುದರೊಳಗೆ ಮಾವ ತಮ್ಮ ಮನೆಯಿಂದ ಮರದಿಂದ ಮರಕ್ಕೆ ವಯರು ಎಳೆಸಿ ದೊಡ್ಡಮ್ಮನ ಮನೆಗೂ ವೈಫೈ ಕೊಡಿಸಿದರು. ಇನ್ನು ಗುಡ್ಡೆಯ ಉಸಾಬರಿ ಬೇಡ ಎಂದರು. ನಾವು ಮಂಗಳೂರಿಗೆ ಹೋಗಿ ಪರೀಕ್ಷೆ ಬರೆದೆವು. ಮರೆವಿನ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಹೊರಗೆ ಬಂದ ಮೇಲೆ ಅಕ್ಕ ಅದನ್ನು ಹೇಳಿ ನಕ್ಕಳು. ಆಯ್ಕೆ ಪಟ್ಟಿ ಇನ್ನೂ ಬಂದಿಲ್ಲ.

ಪರೀಕ್ಷೆ ಮುಗಿದ ಮೇಲೆ ಪುಟದಲ್ಲಿ ಬರೆಯಲು ಏನೂ ಉಳಿದಿಲ್ಲ. ಆದರೂ ಸಂಜೆ ತೆರೆದರೆ ಹಸಿರು ಚುಕ್ಕಿ ಇರುತ್ತದೆ. ಅಕ್ಕ ಮನೆಯಲ್ಲಿದ್ದಾಳೆ, ಚಾ ಕುಡಿಯುತ್ತಿದ್ದಾಳೆ ಎಂದು ನಾನು ಸಮಾಧಾನದಿಂದ ಫೋನ್ ಇಡುತ್ತಿದ್ದೆ. ಕಳೆದ ತಿಂಗಳು ಬೆಳ್ಳಾರೆಯ ನಮ್ಮ ಮನೆಗೆ ದೊಡ್ಡಮ್ಮ ಬಂದಿದ್ದರು. ಅಮ್ಮ ಒಳಗೆ ಹೋದದ್ದನ್ನು ನೋಡಿ ನನ್ನ ಹತ್ತಿರ ಸರಿದರು.

"ನಿನ್ನ ಅಕ್ಕ ಈಗಲೂ ಸಂಜೆ ಪಾರೆಗೆ ಹೋಗ್ತಾಳೆ. ನಿನಗೆ ಗೊತ್ತುಂಟಾ?"

"ಎಂತಕ್ಕೆ? ಮನೆಯಲ್ಲೇ ವೈಫೈ ಉಂಟಲ್ಲ."

"ಅದೇ ನಾನು ಕೇಳುದು. ಫೋನಿನಲ್ಲಿ ನಿಮ್ಮ ಆ ಪುಟ ತೆರೆದು ಜಗಲಿಯಲ್ಲಿ ಇಟ್ಟು ಹೋಗ್ತಾಳೆ. ನಿನ್ನೆ ಮಾವ ಹೇಳಿದ್ರು, ಪಾರೆಯ ಆಚೆ ಬದಿಯಲ್ಲಿ ಹಸಿ ಲದ್ದಿ ಉಂಟಂತೆ. ಈಗ ಆನೆ ಒಂದಲ್ಲವಂತೆ, ಎರಡಂತೆ."

ಚುಕ್ಕಿ ಹೇಳುತ್ತಿದ್ದದ್ದು ಅಕ್ಕ ಎಲ್ಲಿದ್ದಾಳೆ ಎಂದಲ್ಲ, ಫೋನ್ ಎಲ್ಲಿದೆ ಎಂದು. ನಾನು ಅಷ್ಟು ಸಂಜೆ ಸಮಾಧಾನದಿಂದ ನೋಡಿದ್ದು ಖಾಲಿ ಜಗಲಿಯನ್ನು.

ಅಂದು ನಮ್ಮ ಹಳೆಯ ನಿಯಮದಂತೆ ಪುಟದ ಕೊನೆಗೆ ಒಂದು ಪ್ರಶ್ನೆ ಬರೆದೆ. ಮರುದಿನ ಹಸಿರು ಗೆರೆ ಅದರ ಪಕ್ಕಕ್ಕೆ ಬಂದು ತುಸು ಹೊತ್ತು ಮಿನುಗಿತು. ಒಂದಕ್ಷರವೂ ಮೂಡಲಿಲ್ಲ. ಅಳಿಸಲೂ ಇಲ್ಲ ಅವಳು. ಮರುದಿನದ ಸಂಜೆಗಳು ಎಷ್ಟೋ ಹೋದವು. ಈಗಲೂ ಪುಟ ತೆರೆದರೆ ಮೇಲೆ ಹಸಿರು ಚುಕ್ಕಿ, ಕೆಳಗೆ ನನ್ನ ಸಾಲು:

"ಅಕ್ಕ, ಫೋನ್ ಬಿಟ್ಟು ಪಾರೆಗೆ ಎಂತಕ್ಕೆ ಹೋಗುದು?"